ಬಸ್ಸಿನೊಳಗೆ ಮನೆ ಕಟ್ಟುವ ಮೊದಲು

ಬಸ್ಸಿನ ಫೋಟೋ ಹಾಕಿ ಅಂತ ಆರು ತಿಂಗಳಿಂದ ಎಲ್ಲರೂ ಕೇಳುತ್ತಿದ್ದೀರಿ. ಹಾಕಿದ್ದೇನೆ ನೋಡಿ. ಮಂಚ, ಪರದೆ, ಸಾಲುದೀಪ ಯಾವುದೂ ಇಲ್ಲ. ಇರುವುದು ಹಿಂದಿನ ಎಡಗಡೆಯ ಚಕ್ರ ಒಂದೇ. ಯಾಕೆ ಅಂತ ಹೇಳಲು ಸ್ವಲ್ಪ ಉದ್ದ ಬರೆಯಬೇಕು. ಪುರುಸೊತ್ತಿದ್ದವರು ಓದಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಳೆದ ವರ್ಷ ನಾವು ಒಂದು ಹಳೇ ಶಾಲೆ ಬಸ್ಸು ತೆಗೆದುಕೊಂಡೆವು. 26 ಸೀಟಿನ ಮಿನಿ ಬಸ್ಸು, 2011ರ ಮಾಡೆಲ್. ಸೀಟು ಬಿಚ್ಚಿ ಮಲಗಲು, ಅಡುಗೆ ಮಾಡಲು ಜಾಗ ಮಾಡಿಕೊಂಡು ದೂರದ ಪ್ರಯಾಣ ಹೋಗುವುದು ಅಂತ ಲೆಕ್ಕ. ಎಲ್ಲಿಗೆ ಅನ್ನುವ ಚರ್ಚೆ ಮನೆಯಲ್ಲಿ ಹೆಚ್ಚು ದಿನ ನಡೆಯಲಿಲ್ಲ. ತಲಕಾವೇರಿಯಿಂದ ಪೂಂಪುಹಾರ್‌ಗೆ. ಕಾವೇರಿ ಹೊಳೆ ಹುಟ್ಟುವ ಜಾಗ ಕೊಡಗಿನವರಾದ ನಮಗೆಲ್ಲ ಗೊತ್ತು. ಅದು ಸಮುದ್ರ ಸೇರುವ ಜಾಗ ನೋಡಿದವರು ನಮ್ಮ ಕುಟುಂಬದಲ್ಲಿ ಒಬ್ಬರೂ ಇಲ್ಲ. ಹೊಳೆಯ ಉದ್ದ ಸುಮಾರು 800 ಕಿ.ಮೀ. ಕುಶಾಲನಗರ, ಶ್ರೀರಂಗಪಟ್ಟಣ, ಕೊಳ್ಳೇಗಾಲ, ಮಲೆ ಮಹದೇಶ್ವರ ಬೆಟ್ಟ, ಮೆಟ್ಟೂರು, ಭವಾನಿ, ತಿರುಚಿ, ಕಲ್ಲಣೆ, ಕುಂಭಕೋಣಂ. ಆಮೇಲೆ ಸಮುದ್ರ.

ಯಾವಾಗ ಅನ್ನುವುದೇ ದೊಡ್ಡ ತಲೆನೋವು. ಡಿಸೆಂಬರಿನಿಂದ ಕಾಫಿ ಕುಯ್ಲು. ಅದು ಮುಗಿಯುತ್ತಿದ್ದಂತೆ ಗಿಡ ಹೂ ಬಿಡಲು ಸ್ಪ್ರಿಂಕ್ಲರ್ ನೀರು. ತುಲಾ ಸಂಕ್ರಮಣದ ತೀರ್ಥ ತಗೊಂಡು ಹೊರಡುವ ಆಸೆ ಇತ್ತು. ಆದರೆ ಇಲ್ಲಿ ಮಳೆ ನಿಲ್ಲುವ ಹೊತ್ತಿಗೆ ತಂಜಾವೂರು ಕಡೆ ಹಿಂಗಾರು ಶುರುವಾಗುತ್ತದೆ. ಹಾಗಾಗಿ ಸೆಪ್ಟೆಂಬರ್ 3ರ ಕೈಲ್‌ಮುಹೂರ್ತ, ಅಂದರೆ ನಮ್ಮ ಆಯುಧಪೂಜೆ ಹಬ್ಬ, ಮುಗಿಸಿ, ಕೋವಿ ಕತ್ತಿಗಳ ಜತೆ ಬಸ್ಸಿಗೂ ಗಂಧ ಹಚ್ಚಿ, ಕೋವಿಗೆ ಸಿಕ್ಕಿಸುವ ತೋಕ್ ಪೂ ಹೂವನ್ನು ಅದಕ್ಕೂ ಸಿಕ್ಕಿಸಿ, ಮಾರನೇ ದಿನ ಹೊರಡುವುದು ಅಂತಾಯಿತು.

ಕೊಡಗಿಗೆ ರೈಲು ಇಲ್ಲ. ನಮಗೆ ಊರು ಬಿಡುವುದು ಅಂದರೆ ಬಸ್ಸು ಹತ್ತುವುದು. ಚಿಕ್ಕವನಿದ್ದಾಗ ಟಾಪಿನ ಮೇಲೆ ಕಿತ್ತಳೆ ಬುಟ್ಟಿ ಹೇರಿಕೊಂಡು ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಕೂತವನು ನಾನು. ಇಷ್ಟೆಲ್ಲ ನೋಡಿಯೂ ಬಸ್ಸು ಕೊಂಡ ಮೇಲೆ ಮೊದಲು ಕರೆದದ್ದು ಬಡಗಿಯನ್ನು. ಮೆಕ್ಯಾನಿಕ್‌ನನ್ನಲ್ಲ. ಮೊಬೈಲಿನಲ್ಲಿ ನೋಡಿದ ವಿಡಿಯೋಗಳೆಲ್ಲ ಹಾಗೇ ಇದ್ದವಲ್ಲ. ಪ್ಲೈವುಡ್, ಸನ್‌ಮೈಕಾ, ಮಡಚುವ ಮೇಜು. ಗಾಡಿಯ ಅಡಿಗೆ ನುಗ್ಗಿ ತೋರಿಸಿದವನು ಒಬ್ಬನೂ ಇರಲಿಲ್ಲ.

18 ಎಂಎಂ ಪ್ಲೈವುಡ್ಡಿನ ಒಂದು ಪೂರ್ತಿ ಶೀಟ್ 30 ಕೆಜಿಗೂ ಜಾಸ್ತಿ ತೂಗುತ್ತದೆ. ನಾವು 11 ಶೀಟ್ ಬಳಸಿದ್ದೆವು. ಅದು ಸಾಲದು ಅಂತ ಅಡುಗೆ ಕಟ್ಟೆಗೆ ಗ್ರಾನೈಟ್! ಐದಡಿ ಉದ್ದ, ಎರಡಡಿ ಅಗಲ. ಮನೆ ಕಟ್ಟಿದಾಗ ಉಳಿದ ಕಲ್ಲು, ಸುಮ್ನೆ ಬಿದ್ದಿತ್ತು, ಹಾಕಿಬಿಟ್ಟೆವು. 50 ಕೆಜಿ. ಕುಶಾಲನಗರದ ವೇ ಬ್ರಿಡ್ಜಿನಲ್ಲಿ ಕಾಫಿ ಲಾರಿಗಳ ಸಾಲಿನಲ್ಲಿ ನಿಂತು ತೂಗಿಸಿದಾಗ ಬಣ್ಣ ಬಯಲಾಯಿತು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕಕ್ಕೆ ಇನ್ನು ಬರೀ 180 ಕೆಜಿ ಬಾಕಿ. ಟ್ಯಾಂಕಿಗೆ ನೀರು ತುಂಬಿಸಿರಲಿಲ್ಲ. 200 ಲೀಟರ್ ಅಂದರೆ 200 ಕೆಜಿ. ನಾವಿಬ್ಬರೂ ಕೆಳಗೇ ನಿಂತಿದ್ದೆವು. ಅಕ್ಕಿ, ಬಟ್ಟೆ, ಸಿಲಿಂಡರ್ ಇನ್ನೂ ಮನೆಯಲ್ಲಿದ್ದವು.

ತೂಗುವವನು ಒಂದು ಒಳ್ಳೇ ಬುದ್ಧಿ ಹೇಳಿಕೊಟ್ಟ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಸಲ ತೂಗಿ, ಆಮೇಲೆ ಪೂರ್ತಿ ಗಾಡಿ ತೂಗಿ. ಕಳೆದರೆ ಹಿಂದಿನ ಆಕ್ಸಲ್ ಮೇಲೆ ಎಷ್ಟು ಭಾರ ಅಂತ ಗೊತ್ತಾಗುತ್ತದೆ. ನಮ್ಮದು ಹಿಂದೆಯೇ ಜಾಸ್ತಿ. ಅದೂ ಎಡಕ್ಕೆ. ಕಟ್ಟೆ, ಟ್ಯಾಂಕ್, ಬ್ಯಾಟರಿ ಮೂರೂ ಒಂದೇ ಪಕ್ಕಕ್ಕೆ ಬಂದಿದ್ದವು. ನನ್ನ ಹೆಂಡತಿ ಬಡಗಿಯ ರಸಮಟ್ಟ ತಂದು ನೆಲದ ಮೇಲಿಟ್ಟು, "ರೀ, ಗುಳ್ಳೆ ನಡುವೆ ನಿಲ್ತಾನೇ ಇಲ್ಲ" ಅಂದಳು. ಮೊದಲು ಹೋದದ್ದು ಗ್ರಾನೈಟ್. ಆಮೇಲೆ ಬೀರು. ಬಟ್ಟೆಗೆ ಈಗ ಗೋಣಿಚೀಲದ ಜೇಬುಗಳು, ಗೋಡೆಗೆ ತೂಗುಹಾಕಿದ್ದೇವೆ. ಅದೇ ಚೆನ್ನಾಗಿದೆ, ನಿಜ ಹೇಳಬೇಕೆಂದರೆ.

ಟೈರ್ ವಿಷಯದಲ್ಲೂ ಮೋಸ ಹೋಗುವುದರಲ್ಲಿದ್ದೆ. ಬಟನ್, ಅಂದರೆ ರಸ್ತೆಗೆ ತಾಗುವ ಉಬ್ಬುಗಳು, ಚೆನ್ನಾಗೇ ಇತ್ತು. ಶಾಲೆ ಬಸ್ಸು ದಿನಕ್ಕೆ ಎಷ್ಟು ಓಡೀತು, ಅಲ್ವಾ? ಸವೆದಿರಲಿಲ್ಲ. ಆದರೆ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ಓದಬೇಕು. ಮೊದಲ ಎರಡು ಅಂಕಿ ಟೈರು ತಯಾರಾದ ವಾರ, ಕೊನೆಯ ಎರಡು ಅಂಕಿ ಆ ವರ್ಷ. ನಮ್ಮದರಲ್ಲಿ 2315 ಅಂತ ಇತ್ತು. 2015ರ 23ನೇ ವಾರದ ಟೈರು. ಬೆರಳಲ್ಲಿ ಒತ್ತಿದರೆ ಬದಿಯಲ್ಲಿ ಕೂದಲೆಳೆಯಷ್ಟು ಬಿರುಕುಗಳು ಬಾಯಿ ಬಿಡುತ್ತಿದ್ದವು. ಆರೂ ಹೊಸದು ಹಾಕಿಸಿದೆ, ಸ್ಟೆಪ್ನಿ ಸೇರಿ ಏಳು. ಹಳೇ ಟೈರಿಗೇ ಹೊಸ ಮೇಲ್ಪದರ ಅಂಟಿಸುವ ರೀಸೋಲ್ ಸಾಕು ಅಂದವರು ಇದ್ದರು. ಲೋಡು ಹೊತ್ತು ಮೆಟ್ಟೂರಿನ ಬಿಸಿಲಿಗೆ ಹೋಗುವವನು ನಾನು, ಅವರಲ್ಲ.

ಈಗ ಆ ಚಕ್ರದ ಕತೆ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಪೂರ್ತಿ ಸಾಮಾನು ತುಂಬಿ ಸಂಪಾಜೆ ಘಾಟಿ ಇಳಿಸಿ ನೋಡೋಣ ಅಂದದ್ದು ನಮ್ಮ ಗ್ಯಾರೇಜಿನ ಮೆಕ್ಯಾನಿಕ್ ಇಕ್ಕ. ನಲವತ್ತು ವರ್ಷ ಬಸ್ಸು ಲಾರಿಗಳ ಅಡಿಯಲ್ಲೇ ಮಲಗಿದ ಮನುಷ್ಯ. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲೆ. ಸಂಪಾಜೆ ಮುಟ್ಟುವ ಹೊತ್ತಿಗೆ ಅದರ ಬಹುಪಾಲನ್ನು ಇಳಿದಿರುತ್ತೇವೆ. ಇದಕ್ಕಿಂತ ಒಳ್ಳೇ ಪರೀಕ್ಷೆ ಯಾವ ಊರಿನವರಿಗೆ ಬಾಗಿಲಲ್ಲೇ ಸಿಗುತ್ತದೆ ಹೇಳಿ.

ಹತ್ತುವ ಗೇರಿನಲ್ಲೇ ಇಳಿಯಬೇಕು ಅನ್ನುವುದು ಇಕ್ಕನ ಮೊದಲ ಪಾಠ. ಮದೆನಾಡು ದಾಟಿದ ಮೇಲೆ ಎರಡನೇ ಗೇರು, ಕೆಲವು ಕಡೆ ಮೂರು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರುವ ಹಾಗಿಲ್ಲ. ಒತ್ತಬೇಕು, ಬಿಡಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವ ಶೂರರು ಈಗಲೂ ಇದ್ದಾರೆ. ನಮ್ಮದು ಆಯಿಲ್ ಬ್ರೇಕ್, ಅದಕ್ಕೆ ಎಂಜಿನ್ ಓಡುತ್ತಿದ್ದರಷ್ಟೇ ಸಿಗುವ ವ್ಯಾಕ್ಯೂಮ್ ಬಲ. ನ್ಯೂಟ್ರಲ್‌ನಲ್ಲಿ ಎಂಜಿನ್ ಆಫ್ ಆದರೆ ನಾಲ್ಕು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಬ್ರೇಕ್ ಆಯಿಲ್ ಬೇರೆ ಗಾಳಿಯಿಂದ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಕಾದಾಗ ಬೇಗ ಕುದಿಯುತ್ತದೆ, ಪೆಡಲ್ ಹತ್ತಿಯ ಹಾಗೆ ಒಳಗೆ ಹೋಗುತ್ತದೆ. ನಮ್ಮೂರಿನ ಗಾಳಿಯಲ್ಲಿ ತೇವಕ್ಕೇನು ಬರ ಇದೆಯೇ? ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತಾರೆ. ನಮ್ಮ ಬಸ್ಸಿನದ್ದು ತೆಗೆದಾಗ ಕಷಾಯದ ಬಣ್ಣಕ್ಕಿತ್ತು.

ಸಂಪಾಜೆಯಲ್ಲಿ ನಿಲ್ಲಿಸಿದಾಗ ಸುಟ್ಟ ಬ್ರೇಕ್ ಲೈನರ್ ವಾಸನೆ ಮೂಗಿಗೆ ಬಡಿಯಿತು. ನಾನು ನೀರು ಹುಯ್ಯಲು ಕ್ಯಾನ್ ಎತ್ತಿದೆ. ಇಕ್ಕ ಕೈ ಹಿಡಿದರು. ಕಾದ ಬ್ರೇಕ್ ಡ್ರಮ್ಮಿಗೆ ತಣ್ಣೀರು ಹಾಕಿದರೆ ಬಿರುಕು ಬಿಡುತ್ತದಂತೆ. ಆಮೇಲೆ ಅವರು ಅಂಗೈ ಅಲ್ಲ, ಕೈಯ ಹಿಂಭಾಗವನ್ನು ಒಂದೊಂದು ಚಕ್ರದ ಹತ್ತಿರ ಹಿಡಿದುಕೊಂಡು ಗಾಡಿಯ ಸುತ್ತ ಬಂದರು. ಮುಂದಿನ ಎರಡೂ ಕಾವಲಿಯ ಹಾಗೆ ಸುಡುತ್ತಿದ್ದವು. ಹಿಂದಿನ ಬಲಗಡೆಯದು ಇನ್ನೂ ಜಾಸ್ತಿ. ಹಿಂದಿನ ಎಡಗಡೆಗೆ ಬಂದಾಗ ಕೈ ಹತ್ತಿರ ಹೋಯಿತು, ಇನ್ನೂ ಹತ್ತಿರ, ಕೊನೆಗೆ ಡ್ರಮ್ಮಿಗೇ ಅಂಗೈ ಊರಿ ನಿಂತರು. "ಸಾರ್, ಬಿಸಿ ಇರೋದಕ್ಕೆ ಹೆದರ್ಬೇಡಿ. ಇದು ತಣ್ಣಗಿದೆ ನೋಡಿ, ಇದಕ್ಕೆ ಹೆದರ್ಬೇಕು."

ಆ ಚಕ್ರ ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ. ಒಳಗೆ ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್ ತುಕ್ಕು ಹಿಡಿದು ಜಾಮ್ ಆಗಿತ್ತು. ಅದರ ಕೆಲಸವನ್ನೂ ಉಳಿದ ಮೂರು ಮಾಡಿ ಸುಟ್ಟುಕೊಳ್ಳುತ್ತಿದ್ದವು. ಭಾರವೆಲ್ಲ ನಾವು ಹೇರಿದ್ದು ಅದೇ ಎಡಗಡೆಗೆ. ಖಾಲಿ ಗಾಡಿಯಲ್ಲಿ, ಕುಶಾಲನಗರದ ಸಮ ರಸ್ತೆಯಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾಗುವುದು ಮಹದೇಶ್ವರ ಬೆಟ್ಟದಿಂದ ಪಾಲಾರ್ ಕಡೆ ಇಳಿಯುವಾಗ. ಅಲ್ಲಿ ಇಕ್ಕ ಇರುತ್ತಿರಲಿಲ್ಲ. ನಾಲ್ಕೂ ಚಕ್ರದ ಸಿಲಿಂಡರ್, ಲೈನರ್, ಹೋಸ್ ಎಲ್ಲ ಹೊಸದಾಯಿತು. ಬಡಗಿಗೆ ಕೊಟ್ಟದ್ದರ ಅರ್ಧವೂ ಖರ್ಚಾಗಲಿಲ್ಲ.

ಹಾಗಾಗಿ ಬಸ್ಸು ತಗೊಂಡು ಮನೆ ಮಾಡುವ ಯೋಚನೆ ಇರುವವರಿಗೆ ಹೇಳುತ್ತೇನೆ, ಬೈದುಕೊಂಡರೂ ಪರವಾಗಿಲ್ಲ. ಮೊದಲು ಅದನ್ನು ಬಸ್ಸು ಮಾಡಿ. ಖಾಲಿ ಡಬ್ಬದಲ್ಲಿ ಚಾಪೆ ಹಾಕಿಕೊಂಡು ನಾಲ್ಕು ಸಲ ಘಾಟಿ ಇಳಿದು ಹತ್ತಿ. ಬಡಗಿ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನೊಂದು ಪರೀಕ್ಷೆ ನಮ್ಮ ಮಳೆ. ಜೂನ್‌ನಿಂದ ಬಸ್ಸನ್ನು ಶೆಡ್ಡಿಗೆ ಹಾಕದೆ ಬಯಲಲ್ಲೇ ನಿಲ್ಲಿಸಿದೆ. ಊರವರು ನಕ್ಕರು. ಮೊದಲ ವಾರದಲ್ಲೇ ಟಾಪಿನ ಫ್ಯಾನ್ ಕೊರೆದ ಕಡೆ, ಕಿಟಕಿಯ ಬೀಡಿಂಗ್ ಕಡೆ, ಸೀಟು ಬಿಚ್ಚಿದ ಬೋಲ್ಟ್ ತೂತಿನ ಕಡೆ ನೀರು ಬಂತು. ಒಂದೊಂದಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮುಚ್ಚಿದೆವು. ಜುಲೈ ಮುಗಿಯುವ ಹೊತ್ತಿಗೆ ಒಳಗೆ ಒಣ. ಆದರೆ ಹಾಸಿಗೆಯ ಅಡಿಯಲ್ಲಿ ಬೂಷ್ಟು. ಗಾಳಿ ಆಡಲು ಜಾಗವೇ ಬಿಟ್ಟಿರಲಿಲ್ಲ. ಮಂಚದ ಹಲಗೆ ತೆಗೆದು ಪಟ್ಟಿ ಹೊಡೆದೆವು. ಇಲಿಗಳು ಬಂದು ಲೈಟಿನ ವೈರ್ ತಿಂದವು. ಹೊಗೆಸೊಪ್ಪು ಇಟ್ಟಿದ್ದೇವೆ. ಕೆಲಸ ಮಾಡುತ್ತದೋ ಇಲ್ಲವೋ, ಬಸ್ಸಿಗೆ ಈಗ ಹಳೇ ಕಂಡಕ್ಟರ್ ವಾಸನೆ ಬಂದಿದೆ.

ಕರೆಂಟಿನ ಬಗ್ಗೆ ಒಂದೇ ಲೆಕ್ಕ. 12 ವೋಲ್ಟಿನ 100 ಎಎಚ್ (ಆಂಪಿಯರ್ ಅವರ್) ಲೆಡ್ ಬ್ಯಾಟರಿಯಲ್ಲಿ 1,200 ವಾಟ್ ಅವರ್. ಅದರಲ್ಲಿ ಅರ್ಧ ಬಳಸಿದರೆ ಬಾಳಿಕೆ. ಫ್ಯಾನು, ದೀಪ, ಮೊಬೈಲಿಗೆ ಧಾರಾಳ. ಇಂಡಕ್ಷನ್ ಒಲೆಯ ಆಸೆ ಬಿಡಿ.

ಗ್ಯಾಸ್ ಬಗ್ಗೆ ಮಾತ್ರ ಹೆಂಡತಿಯ ಮಾತೇ ಕೊನೆ. 2023ರ ಆಗಸ್ಟಿನಲ್ಲಿ ಮಧುರೈ ನಿಲ್ದಾಣದಲ್ಲಿ ನಿಂತಿದ್ದ ರೈಲಿನ ಬೋಗಿಯೊಳಗೆ ಸಿಲಿಂಡರಿನಿಂದ ಬೆಂಕಿ ಹತ್ತಿ 9 ಜನ ಯಾತ್ರಿಗಳು ಸತ್ತದ್ದು ಅವಳಿಗೆ ಮರೆತಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೇ ಕೂರುತ್ತದೆ. ಮೇಲಿನ ಕಿಟಕಿ ತೆರೆದಿದ್ದರೆ ಸಾಲದು. 5 ಕೆಜಿ ಸಿಲಿಂಡರಿಗೆ ಹಿಂದೆ ಹೊರಗಿನಿಂದ ತೆರೆಯುವ ಗೂಡು ಮಾಡಿಸಿ, ತಳದಲ್ಲಿ ತೂತು ಬಿಟ್ಟಿದ್ದೇವೆ. ಗೂಡಿಗೂ ಒಳಗಿನ ಭಾಗಕ್ಕೂ ಸಂದೇ ಇಲ್ಲ. ಒಲೆ ಹಚ್ಚುವುದು ಬಸ್ಸಿನ ಹೊರಗೆ ಮಾತ್ರ. ಅಕ್ಕಿ ರೊಟ್ಟಿ ಅಲ್ಲೇ ಚೆನ್ನಾಗಿ ಉಬ್ಬುತ್ತದೆ ಅಂತ ಅವಳ ವಾದ.

ಕಾಗದ ಪತ್ರದ ಬಗ್ಗೆ ತುಂಬ ಜನ ಕೇಳಿದ್ದೀರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ. ಇಷ್ಟ ಬಂದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಸೀಟು ಬಿಚ್ಚಿದ್ದು, ಹಳದಿ ಬಣ್ಣ ಹೋಗಿ ಹಸಿರು ಬಂದದ್ದು, ಎಲ್ಲ ಆರ್‌ಸಿಯಲ್ಲಿ ಏರಬೇಕು. ಓಡಾಟ ತುಂಬ. ಆದರೆ ಅಪಘಾತವಾದಾಗ ವಿಮೆಯವರು ಮೊದಲು ನೋಡುವುದು ಅದನ್ನೇ. ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ. ನಾನು ಮುಗಿಸಿದ ಮೇಲೆ ಹೋಗಿ ಎರಡು ತಿಂಗಳು ಕಳೆದುಕೊಂಡೆ.

ಇನ್ನು ಗಲೀಜು ನೀರು. ವಾರಕ್ಕೊಂದು ಸಲ ನಾನೇ ಇಲ್ಲಿ ಟೂರಿಸ್ಟರನ್ನು ಬೈದು ಬರೆಯುತ್ತೇನೆ. ಹೊಳೆ ಬದಿಯಲ್ಲಿ ಬಾಟಲಿ, ಡೈಪರ್, ಬಿರಿಯಾನಿ ಪೊಟ್ಟಣ. ಸೆಪ್ಟೆಂಬರ್ 4ರ ಬೆಳಿಗ್ಗೆಯಿಂದ ನಾನೂ ಟೂರಿಸ್ಟ್. ಅದಕ್ಕೇ ಪಾತ್ರೆ ತೊಳೆದ ನೀರಿಗೆ ಬೇರೆ ಟ್ಯಾಂಕ್, 60 ಲೀಟರಿನದು. ಊರಿನ ಚರಂಡಿ ಸಿಗುವ ತನಕ ಅದು ನಮ್ಮ ಜತೆಗೇ ಬರುತ್ತದೆ. ಕಾವೇರಿಯ ಉದ್ದಕ್ಕೂ ಹೋಗುವವರು ಅವಳಿಗೇ ಸಾಬೂನು ನೀರು ಬಿಟ್ಟರೆ ತಲಕಾವೇರಿಯಲ್ಲಿ ಕೈ ಮುಗಿದದ್ದಕ್ಕೆ ಏನರ್ಥ?

ಒಂದು ಹಳೇ ಸೀಟು ಮಾತ್ರ ಬಿಚ್ಚಿಲ್ಲ. ಬಾಗಿಲ ಪಕ್ಕದ್ದು. ಅವ್ವ ನಿನ್ನೆ ಬಂದು ಅದರ ಮೇಲೆ ಕೂತು, ಸುತ್ತ ನೋಡಿ, ಮಡಿಲಲ್ಲಿದ್ದ ಕಾಡುಮಾವಿನ ಉಪ್ಪಿನಕಾಯಿ ಭರಣಿಯನ್ನು ಮೇಲಿನ ಶೆಲ್ಫಿನಲ್ಲಿಟ್ಟರು. ಶೆಲ್ಫಿಗೆ ಅಡ್ಡಪಟ್ಟಿ ಇಲ್ಲ. ಮೊದಲ ತಿರುವಿಗೇ ಭರಣಿ ಕೆಳಗೆ ಬರುತ್ತದೆ ಅಂತ ನನಗೂ ಗೊತ್ತು. ಅವರ ಎದುರಿಗೆ ತೆಗೆಯುವುದು ಹೇಗೆ? ಸಂಜೆ ಪಟ್ಟಿ ಹೊಡೆದೆ.

ಈಗ ಉಳಿದಿರುವುದು ಸ್ಟೆಪ್ನಿ ಬ್ರಾಕೆಟ್ಟಿನ ವೆಲ್ಡಿಂಗ್ ಒಂದೇ. ನಾಳೆ ಮಾಡಿಕೊಡುತ್ತೇನೆ ಅಂದಿದ್ದಾರೆ ಇಕ್ಕ. ಕರೆಂಟ್ ಇದ್ದರೆ.