ಹಿಟ್ಟಿನ ಚೀಲದಲ್ಲಿ ಬಂದ ಕೌದಿ

ಇವತ್ತು ಇಲ್ಲಿನ ಹೊಲಿಗೆ ಕ್ಲಾಸಿನಿಂದ ಸಿಟ್ಟು ಮಾಡಿಕೊಂಡೇ ಮನೆಗೆ ಬಂದೆ. ಅಮೆರಿಕದ ಗುಲಾಮಗಿರಿಯ ಇತಿಹಾಸ ನೆನಪಿಸುವ ಒಂದು ಕ್ವಿಲ್ಟ್ ಬ್ಲಾಕ್, ಅಂದರೆ ಕೌದಿಯ ಒಂದು ಚೌಕ, ಹೊಲಿಯಬೇಕಿತ್ತು. ಹೇಳಿಕೊಡುವವರು ಮತ್ತೆ ಅದೇ ಕಥೆ ತೆಗೆದರು. ಗುಲಾಮರು ತಪ್ಪಿಸಿಕೊಂಡು ಓಡುವಾಗ ದಾರಿ ತೋರಿಸಲು ಬೇಲಿ ಮೇಲೆ ಕ್ವಿಲ್ಟ್ ಹರವುತ್ತಿದ್ದರಂತೆ. ನಡುವಿನ ಚೌಕದ ಸುತ್ತ ಪಟ್ಟಿ ಜೋಡಿಸುವ 'ಲಾಗ್ ಕ್ಯಾಬಿನ್' ಬ್ಲಾಕಿನಲ್ಲಿ ಆ ಚೌಕ ಕಪ್ಪಗಿದ್ದರೆ ಆ ಮನೆಯಲ್ಲಿ ಅಡಗಿಕೊಳ್ಳಬಹುದು ಅಂತ ಅರ್ಥವಂತೆ.

ಈ ಗುಟ್ಟಿನ ಭಾಷೆಯ ಮಾತು ಜಾಸ್ತಿ ಹಬ್ಬಿದ್ದು 1999ರ ಒಂದು ಪುಸ್ತಕದಿಂದ. ಆಗಿನ ಕಾಲದ ಆಧಾರ ಇತಿಹಾಸಕಾರರಿಗೆ ಸಿಕ್ಕಿಲ್ಲ. "ಚೆಂದದ ಕಥೆ, ಮಕ್ಕಳು ಇಷ್ಟಪಡುತ್ತಾರೆ, ಇರಲಿ ಬಿಡಿ" ಅಂದರು ಪಕ್ಕದಲ್ಲಿ ಕೂತವರು. ಯಾಕೆ ಬಿಡಬೇಕು? ನಿಜವಾಗಿ ಹೊಲಿದವರ ಕಥೆ ಇದೆಯಲ್ವಾ?

ಹ್ಯಾರಿಯೆಟ್ ಪವರ್ಸ್. 1837ರಲ್ಲಿ ಜಾರ್ಜಿಯಾದಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದವರು. ಬಿಡುಗಡೆಯಾದ ಮೇಲೆ ಬೈಬಲ್ಲಿನ ಕಥೆಗಳನ್ನು ಬಟ್ಟೆಯಲ್ಲಿ ಕತ್ತರಿಸಿ 11 ಚೌಕಗಳಲ್ಲಿ ಕೂರಿಸಿ ಹೊಲಿದರು. 1886ರಲ್ಲಿ ಅಲ್ಲೇ ಜಾರ್ಜಿಯಾದ ಅಥೆನ್ಸ್ ಊರಿನ ಹತ್ತಿ ಮೇಳದಲ್ಲಿ ಅದನ್ನು ನೋಡಿದ ಚಿತ್ರಕಲೆ ಟೀಚರ್ ಜೆನ್ನಿ ಸ್ಮಿತ್ ಕೊಂಡುಕೊಳ್ಳುತ್ತೇನೆ ಅಂದರು. ಪವರ್ಸ್ ಒಪ್ಪಲಿಲ್ಲ. ಕೆಲವು ವರ್ಷಕ್ಕೆ ಕೈ ಬರಿದಾಯಿತು. ಎತ್ತಿನ ಗಾಡಿಯಲ್ಲಿ ತಾವೇ ಸ್ಮಿತ್ ಮನೆಗೆ ತಂದರು. ಕೌದಿ ತೊಡೆಯ ಮೇಲಿತ್ತು. ಅದಕ್ಕೆ ಸುತ್ತಿದ್ದು ಶುಭ್ರವಾದ ಹಿಟ್ಟಿನ ಚೀಲ, ಅದರ ಮೇಲೆ ಗೋಣಿಚೀಲ. 10 ಡಾಲರ್ ಕೇಳಿದರು. ಸಿಕ್ಕಿದ್ದು 5. ಕೊಟ್ಟ ಮೇಲೂ ಅದನ್ನು ನೋಡಿ ಹೋಗಲು ಬರುತ್ತಿದ್ದರು.

ಆ ಕೌದಿ ಈಗಲೂ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಕ್ಲಾಸಿನಲ್ಲಿ ಈ ಹೆಸರು ಒಮ್ಮೆಯೂ ಬರಲಿಲ್ಲ. ಇಲ್ಲದ ಗುಟ್ಟಿಗೆ ಅರ್ಧ ಗಂಟೆ, ಇದ್ದ ಹೆಂಗಸಿಗೆ ಒಂದು ಮಾತೂ ಇಲ್ಲ. ಹೊಟ್ಟೆ ಉರಿಯುತ್ತದೆ.

ನಾನು ಉತ್ತರ ಕನ್ನಡದ ಯಲ್ಲಾಪುರದವಳು. ನಮ್ಮ ಕಡೆಯ ಸಿದ್ದಿಗಳ ಹಿರಿಯರನ್ನೂ ಆಫ್ರಿಕಾದಿಂದ ಗುಲಾಮರಾಗಿ ತಂದಿದ್ದರು. ಪೋರ್ಚುಗೀಸರ ಗೋವಾದಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಎಷ್ಟೋ ಮಂದಿ. ಚಿಕ್ಕವಳಿದ್ದಾಗ ನಾನು ಹೊದ್ದಿದ್ದು ಒಬ್ಬ ಸಿದ್ದಿ ಅಕ್ಕ ಹೊಲಿದ ಕೌದಿ. ನಾಲ್ಕು ಮೂಲೆಯಲ್ಲೂ ಬಟ್ಟೆ ಮಡಿಸಿ ಮಡಿಸಿ ಹೊಲಿದ ದಪ್ಪ ಹೂವು. ಹೂವಿಲ್ಲದ ಕೌದಿ ಬೆತ್ತಲೆ ಅನ್ನುತ್ತಾರೆ ಅವರು. ಆ ಹೂವನ್ನು ಚೀಪುತ್ತಾ ಮಲಗುತ್ತಿದ್ದದ್ದು ನೆನಪಿದೆ. ಅಕ್ಕನ ಹೆಸರು ನೆನಪಿಲ್ಲ. ಆಯಿಗೆ ಫೋನ್ ಮಾಡಿದೆ. ಅವಳಿಗೂ ನೆನಪಿಲ್ಲ.

ಕ್ಲಾಸಿನಲ್ಲಿ ಹೊಲಿದದ್ದನ್ನು ಬಿಚ್ಚಿ ಮತ್ತೆ ಶುರು ಮಾಡಿದ್ದೇನೆ. ನಡುವೆ ಹಿಟ್ಟಿನ ಚೀಲದಂಥ ಬಿಳಿ ಬಟ್ಟೆ, ಸುತ್ತ ಗೋಣಿ ಬಣ್ಣದ ಪಟ್ಟಿ. ಕೆಳಗೆ ದಾರದಲ್ಲಿ ಹ್ಯಾರಿಯೆಟ್ ಪವರ್ಸ್ ಅಂತ ಕನ್ನಡದಲ್ಲೇ ಬರೆಯುತ್ತೇನೆ. ಆಯಿ ನಾಳೆ ಕೇರಿಯಲ್ಲಿ ವಿಚಾರಿಸಿ ಹೇಳುತ್ತಾಳಂತೆ. ಅಲ್ಲಿವರೆಗೆ ಒಂದು ಮೂಲೆ ಹಾಗೇ ಬಿಟ್ಟಿದ್ದೇನೆ.