ಹಳೇ ಪುಟ್ಟ ಕಾರಿಗೆ ಅಗಲ ಆರ್ಚ್: ನಮ್ಮಲ್ಲಿ ಬೇಡ ಅಂತಾರೆ, ಇಂಗ್ಲೆಂಡಲ್ಲಿ ನೋಡಿ ಓಡಿಸೋಕೆ ಬಿಡ್ತಾರೆ

ಊರಿಂದ ಹುಡುಗರು ಆಗಾಗ ಮಾರುತಿ 800 ಫೋಟೋ ಕಳಿಸ್ತಾರೆ, ಅಗಲ ಅಲಾಯ್ ಹಾಕಿ ಅದರ ಮೇಲೆ ಕಪ್ಪು ಫ್ಲೇರ್, ಅಂದ್ರೆ ಹೊರಗೆ ಚಾಚಿದ ಟೈರನ್ನ ಮುಚ್ಚೋ ಆರ್ಚ್, ಕೂರಿಸಿರ್ತಾರೆ, ಹೆಂಗಿದೆ ಅಣ್ಣಾ ಅಂತ ಕೇಳ್ತಾರೆ. ನೋಡೋಕೆ ನಿಜವಾಗ್ಲೂ ಚೆನ್ನಾಗೇ ಇರತ್ತೆ. ಆದ್ರೆ ನಾನು ತಿರುಗಿ ಕೇಳೋದು ಒಂದೇ, ನಾಲ್ಕು ಜನ ಕೂತು ಸ್ಟೇರಿಂಗ್ ಪೂರ್ತಿ ತಿರುಗಿಸಿ ಹಂಪ್ ಹತ್ತಿಸಿದ್ರೆ ಟೈರ್ ಎಲ್ಲಾದ್ರೂ ತಾಗತ್ತಾ? ಬಹಳಷ್ಟು ಜನ ಅದನ್ನ ನೋಡೇ ಇರಲ್ಲ. ಅದು ಅವರ ತಪ್ಪು ಅಂತ ನಾನು ಹೇಳಲ್ಲ, ನೋಡ್ಲೇಬೇಕು ಅಂತ ಅಲ್ಲಿ ಯಾರೂ ಕೇಳಲ್ಲ, ಅಷ್ಟೇ.

ನಾನಿರೋದು ಇಂಗ್ಲೆಂಡಲ್ಲಿ, ಇಟ್ಕೊಂಡಿರೋದು ಹಳೇ ಮಿನಿ, 12 ಇಂಚಿನ ಚಕ್ರದ್ದು. ಆ ಕಾರು ಹುಟ್ಟಿದ ದೇಶ ಇದು, ಅದಕ್ಕೆ ಆರ್ಚ್ ಹಾಕೋ ಹುಚ್ಚೂ ಇಲ್ಲೇ ಹುಟ್ಟಿದ್ದು. 1959ರ ಆಗಸ್ಟಲ್ಲಿ ಮಿನಿ ಬಂದಾಗ ಅದರ ಚಕ್ರ ಬರೀ 10 ಇಂಚು. ಅದನ್ನ ವಿನ್ಯಾಸ ಮಾಡಿದ ಅಲೆಕ್ ಇಸಿಗೋನಿಸ್ ಇಂಜಿನ್ ಅಡ್ಡಡ್ಡ ಕೂರಿಸಿ, ಚಕ್ರಗಳನ್ನ ನಾಲ್ಕು ಮೂಲೆಗೆ ತಳ್ಳಿ, ಮಿಕ್ಕ ಜಾಗ ಎಲ್ಲಾ ಒಳಗೆ ಕೂರೋರಿಗೆ ಕೊಟ್ಟುಬಿಟ್ಟ. ಹಂಗಾಗಿ ಚಕ್ರದ ಗೂಡಲ್ಲಿ ಮಿಕ್ಕಿರೋ ಜಾಗ ಅಂತ ಏನೂ ಇಲ್ಲ. ಟೈರ್ ಸ್ವಲ್ಪ ಅಗಲ ಮಾಡಿದ್ರೂ ಅದು ಒಳಗೆ ಹೋಗಲ್ಲ, ಹೊರಗೇ ಬರಬೇಕು, ಹೊರಗೆ ಬಂದ ಟೈರನ್ನ ಮುಚ್ಚೋಕೆ ಆರ್ಚ್ ಬೇಕು.

ಕಂಪನಿಯವರೇ ಈ ದಾರಿಲಿ ಹೋಗಿದ್ದಾರೆ ನೋಡಿ. 1984ರಲ್ಲಿ ಎಲ್ಲಾ ಮಿನಿಗೂ 12 ಇಂಚಿನ ಚಕ್ರ, ಮುಂದೆ ದೊಡ್ಡ ಡಿಸ್ಕ್ ಬ್ರೇಕ್ ಬಂತು, ಜೊತೆಗೆ ಸಣ್ಣ ಪ್ಲಾಸ್ಟಿಕ್ ಆರ್ಚೂ ಬಂತು. 1996ರ ಕೊನೆಗೆ ಸ್ಪೋರ್ಟ್ಸ್ ಪ್ಯಾಕ್ ಅಂತ 13 ಇಂಚಿಂದು 6 ಇಂಚು ಅಗಲದ ರಿಮ್ಮು, 175/50 ಟೈರು, ದೊಡ್ಡ ಆರ್ಚು. ಇಲ್ಲಿ ಒಂದು ಲೆಕ್ಕ ಹಾಕಿ ನೋಡಿದ್ರೆ ವಿಷಯ ತಿಳಿಯತ್ತೆ. ಟೈರಿನ ಸೈಜಲ್ಲಿ ಮೊದಲ ಅಂಕಿ ಮಿಲಿಮೀಟರಲ್ಲಿ ಅಗಲ, ಎರಡನೇದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ ಎಷ್ಟು ಅಂತ, ಕೊನೇದು ರಿಮ್ಮಿನ ಇಂಚು. 145/70 12 ಟೈರಿನ ಒಟ್ಟು ಎತ್ತರ ಸುಮಾರು 508 ಮಿಲಿಮೀಟರ್, 165/60 12 ದು 503, 175/50 13 ದು 505. ಅಂದ್ರೆ 13 ಇಂಚಿಗೆ ಹೋದ್ರೂ ಚಕ್ರ ಎತ್ತರ ಆಗ್ಲೇ ಇಲ್ಲ, ಆಗಿದ್ದು ಅಗಲ ಮಾತ್ರ. ಅದಕ್ಕೇ ಯಾರಾದ್ರೂ ನಂದು 13 ಇಂಚು, ಯಾವ ಆರ್ಚ್ ಹಾಕ್ಲಿ ಅಂತ ಕೇಳಿದ್ರೆ ಆ ಪ್ರಶ್ನೆಗೆ ಉತ್ತರ ಕೊಡೋಕೇ ಆಗಲ್ಲ, ರಿಮ್ ಎಷ್ಟು ಅಗಲ, ಆಫ್‌ಸೆಟ್ (ಚಕ್ರ ಬೋಲ್ಟ್ ಆಗೋ ಮುಖ ರಿಮ್ಮಿನ ನಡುವಿಂದ ಎಷ್ಟು ಆಚೀಚೆ ಇದೆ ಅನ್ನೋದು) ಎಷ್ಟು, ಟೈರ್ ಎಷ್ಟು ಅಗಲ ಅಂತ ಹೇಳಿದ್ರೆ ಮಾತ್ರ ಹೇಳಬಹುದು. ಮಾರುತಿ 800ಗೂ ಇದೇ ಮಾತು, ಅದರ ಟೈರೂ 145/70 12 ಅಲ್ವಾ, ಎಷ್ಟೋ ಜನಕ್ಕೆ ಗೊತ್ತಿಲ್ಲ ಎರಡೂ ಒಂದೇ ಸೈಜು ಅಂತ.

ಆದ್ದರಿಂದ ನನ್ನ ಪ್ರಕಾರ ಆರ್ಚ್ ಕೊನೇಗೆ ತಗೋಬೇಕಾದ ವಸ್ತು. ಮೊದಲು ರಿಮ್ಮು ಟೈರು ಹಾಕಿ, ಗಾಡಿ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಅಂತ ತೀರ್ಮಾನ ಮಾಡಿ, ಗಾಡಿ ನೆಲದ ಮೇಲೆ ತನ್ನ ಭಾರದಲ್ಲೇ ನಿಂತಿರೋವಾಗ ಚಕ್ರದ ಗೂಡಿನ ಮೇಲಿನ ಅಂಚಿಂದ ತೂಗುದಾರ ಇಳಿಬಿಟ್ಟು ಟೈರು ಎಷ್ಟು ಹೊರಗಿದೆ ಅಂತ ಅಳೀಬೇಕು, ಅಷ್ಟು ಮುಚ್ಚೋ ಆರ್ಚ್ ಯಾವುದೋ ಅದೇ ನಿಮ್ಮ ಆರ್ಚ್. ಜಾಕ್ ಮೇಲೆ ನಿಲ್ಲಿಸಿ ಅಳೆದ್ರೆ ಉಪಯೋಗ ಇಲ್ಲ, ಚಕ್ರ ಕೆಳಗೆ ಜೋತು ಬಿದ್ದಿರೋವಾಗ ಅದರ ಓರೆನೇ ಬೇರೆ. ಮಿನಿಲಂತೂ ಸ್ಪ್ರಿಂಗ್ ಜಾಗದಲ್ಲಿ ರಬ್ಬರ್ ಕೋನ್ ಇರೋದು, ಹೊಸದು ಹಾಕಿದ್ರೆ ಓಡ್ತಾ ಓಡ್ತಾ ಕೂತ್ಕೊಳತ್ತೆ, ಗಾಡಿ ಇಳಿಯತ್ತೆ, ಆ ಇಳಿದಾದ ಮೇಲಿನ ಅಳತೆನೇ ಅಳತೆ.

ಆರ್ಚಲ್ಲಿ ಆಯ್ಕೆ ಬೇಕಾದಷ್ಟಿದೆ. ಸಣ್ಣ ಎಬಿಎಸ್ ಪ್ಲಾಸ್ಟಿಕ್ಕಿಂದು, ಫೈಬರಿನ ಗ್ರೂಪ್ 2, ಅದಕ್ಕಿಂತ ಉಬ್ಬಿರೋ ಗ್ರೂಪ್ 5, ಆಮೇಲೆ ಬೆಸುಗೆ ಹಾಕೋ ಸ್ಟೀಲಿಂದು. ಗ್ರೂಪ್ ಅನ್ನೋ ಹೆಸರುಗಳೆಲ್ಲಾ ರೇಸ್ ನಿಯಮದಿಂದ ಬಂದಿದ್ದು, ರಸ್ತೆ ಗಾಡಿಗೆ ಅಂತ ಇಟ್ಟಿದ್ದಲ್ಲ. ರಸ್ತೆ ಮೇಲೆ ಓಡೋ ಮಿನಿಗೆ 5 ಅಥವಾ 6 ಇಂಚು ಅಗಲದ ರಿಮ್ಮು ಸಾಕು, ಅದಕ್ಕೆ ಸಣ್ಣ ಆರ್ಚೋ ಗ್ರೂಪ್ 2 ಓ ಸರಿಯಾಗಿ ಕೂರತ್ತೆ. ಗ್ರೂಪ್ 5 ಹಾಕಿ ಒಳಗೆ ಸಣಕಲು ಟೈರ್ ಬಿಟ್ಟಿದ್ದನ್ನ ನೋಡಿದ್ರೆ ಅಪ್ಪನ ಶರ್ಟ್ ಹಾಕ್ಕೊಂಡ ಮಗು ತರ ಕಾಣತ್ತೆ, ಅದನ್ನ ತುಂಬ್ಸೋಕೆ ಅಂತ ಚಕ್ರವನ್ನ ಹೊರಗೆ ತಳ್ಳೋ ಬಿಲ್ಲೆ, ಅಂದ್ರೆ ಸ್ಪೇಸರ್ ಹಾಕ್ತಾರೆ, ಆಗ ವೀಲ್ ಬೇರಿಂಗ್ ಮೇಲೆ ಒತ್ತಡ ಜಾಸ್ತಿ ಬೀಳತ್ತೆ, ಸ್ಟೇರಿಂಗ್ ಗಟ್ಟಿಯಾಗತ್ತೆ, ಗುಂಡಿ ಸಿಕ್ಕಿದ್ ಕಡೆಗೆ ಗಾಡಿ ಎಳೆಯತ್ತೆ. ಗಾಡಿ ಚೆನ್ನಾಗಿ ಓಡೋಕೆ ದೊಡ್ಡ ಚಕ್ರನೇ ಬೇಕು ಅಂತೇನಿಲ್ಲ, ಮಿನಿಯ ಜೋರಾದ ಮಾದರಿ ಕೂಪರ್ ಎಸ್ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದಿದ್ದು 1964, 1965, 1967ರಲ್ಲಿ, ಎಲ್ಲಾ 10 ಇಂಚಿನ ಚಕ್ರದ ಮೇಲೇನೇ.

ಈಗ ಎರಡು ಕಡೆ ರೀತಿಗೆ ಬರ್ತೀನಿ, ನಾನು ಬರೆಯೋಕೆ ಕೂತಿದ್ದೇ ಅದಕ್ಕೆ.

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಆರ್‌ಸಿಲಿ ಇರೋ ವಿವರ ತಯಾರಕರು ಕೊಟ್ಟ ಮೂಲಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ. 2019ರ ಜನವರಿಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳ್ತು. ಅದೇ ವರ್ಷದ ತಿದ್ದುಪಡಿಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಈ ನಿಯಮ ಬಂದಿದ್ದಕ್ಕೆ ಕಾರಣ ಇದೆ, ಕಂಡಕಂಡ ಹಾಗೆ ಕೊಯ್ದು ಬೆಸೆದ ಗಾಡಿಗಳಿಂದ ರಸ್ತೆಲಿ ಬೇರೆಯವರ ಪ್ರಾಣಕ್ಕೆ ಅಪಾಯ ಇದ್ದೇ ಇದೆ. ಆದ್ರೆ ಆಗಿರೋದೇನು ಅಂದ್ರೆ ಆರ್ಚ್ ಹಾಕೋದು ನಿಂತಿಲ್ಲ, ಹಾಕಿದ್ದನ್ನ ತೋರ್ಸೋದು ನಿಂತಿದೆ. ಗ್ಯಾರೇಜಿನ ಹಿಂದುಗಡೆ ಕೆಲಸ ಆಗತ್ತೆ, ಎಫ್‌ಸಿ ಬಂದಾಗ ಬಿಚ್ಚಿ ಹಳೇ ಚಕ್ರ ಹಾಕ್ಕೊಂಡು ಹೋಗ್ತಾರೆ, ಬಂದು ಮತ್ತೆ ಹಾಕ್ತಾರೆ. ಅನುಭವ ಇರೋ ಕಣ್ಣು ಆ ಕೆಲಸದ ಮೇಲೆ ಒಂದ್ಸಲನೂ ಬೀಳಲ್ಲ.

ಇಲ್ಲಿ ಆರ್ಚ್ ಹಾಕಬಾರದು ಅಂತ ಯಾರೂ ಹೇಳಲ್ಲ. ಗಾಡಿ ರಸ್ತೆಗೆ ಯೋಗ್ಯನಾ ಅಂತ ನೋಡೋ ಎಂಓಟಿ ಪರೀಕ್ಷೆ ವರ್ಷಕ್ಕೊಂದು ಇರತ್ತೆ, ಅದರಲ್ಲಿ ಟೈರು ಬಾಡಿಗೆ ತಾಗ್ತಾ ಇದ್ರೆ ಫೇಲು. ಚಕ್ರದ ನೀರು ಕೆಸರು ಹಿಂದಿನವರಿಗೆ ಎರಚದ ಹಾಗೆ ಮಡ್‌ಗಾರ್ಡ್ ಇರಬೇಕು ಅಂತ ಬೇರೆ ನಿಯಮ. ಇನ್ಶೂರೆನ್ಸ್ ಕಂಪನಿಗೆ ಚಕ್ರ, ಆರ್ಚ್ ಎರಡೂ ಬದಲಾಗಿದೆ ಅಂತ ಮೊದಲೇ ಹೇಳ್ಬೇಕು, ಹೇಳದೇ ಇದ್ರೆ ಆಕ್ಸಿಡೆಂಟ್ ಆದಾಗ ಕ್ಲೇಮ್ ಕೊಡಲ್ಲ ಅನ್ನಬಹುದು. 40 ವರ್ಷ ದಾಟಿದ ಗಾಡಿಗೆ 2018ರ ಮೇ ಇಂದ ಎಂಓಟಿ ಕಡ್ಡಾಯ ಅಲ್ಲ, ಆದ್ರೆ ಚಾಸಿ ಬಾಡಿಶೆಲ್ ತರದ್ದನ್ನ ಕಳೆದ 30 ವರ್ಷದಲ್ಲಿ ದೊಡ್ಡದಾಗಿ ಬದಲಾಯಿಸಿದ್ರೆ ಆ ರಿಯಾಯಿತಿ ಇಲ್ಲ. ಹಿಂಗಾಗಿ ಇಲ್ಲಿಯವರು ಕೊಯ್ಯೋಕೆ ಮುಂಚೆ ಎರಡು ಸಲ ಯೋಚನೆ ಮಾಡ್ತಾರೆ, ಅಳೀತಾರೆ, ಬರೆದಿಟ್ಕೋತಾರೆ, ಯಾಕಂದ್ರೆ ನಾಳೆ ಒಬ್ಬರು ನೋಡೋರಿದ್ದಾರೆ. ನೋಡೋರಿದ್ದಾರೆ ಅಂದ್ರೆ ಕೆಲಸ ಸುಧಾರಿಸತ್ತೆ, ನನ್ನ ವಾದ ಇಷ್ಟೇ. ಪೂರ್ತಿ ತಡೆಯೋದಕ್ಕಿಂತ ನೋಡಿ ಬಿಡೋದು ರಸ್ತೆಗೂ ಒಳ್ಳೇದು ಗಾಡಿಗೂ ಒಳ್ಳೇದು.

ಹಾಗಂತ ಕೆಲಸಗಾರಿಕೆಲಿ ಇಲ್ಲಿಯವರು ಮೇಲು ಅಂತ ನಾನು ಒಪ್ಪಲ್ಲ. ನಮ್ಮ ಒಳ್ಳೇ ಟಿಂಕರ್ ಒಬ್ಬ ತಗಡಿನ ಪಟ್ಟಿ ತಗೊಂಡು, ಸುತ್ತಿಗೆ, ತಗಡಿನ ಹಿಂದೆ ಹಿಡಿಯೋ ಡಾಲಿ ಅನ್ನೋ ಕಬ್ಬಿಣದ ತುಂಡು, ಎರಡರಲ್ಲೇ ಆರ್ಚಿನ ಬಾಗು ತಂದು, ಅಂಚು ಒಳಗೆ ಮಡಚಿ, ಬಾಡಿ ಜೊತೆ ಸೇರ್ಸಿದ್ರೆ ಅದು ಕಾರ್ಖಾನೆಯಿಂದಲೇ ಹಾಗೆ ಬಂದಿತ್ತೇನೋ ಅನ್ಸತ್ತೆ. ಇಲ್ಲಿ ಅಂಥ ಕೈ ಹುಡುಕಬೇಕು, ಸಾಮಾನ್ಯವಾಗಿ ಪೊಟ್ಟಣದಲ್ಲಿ ಬಂದ ಪ್ಲಾಸ್ಟಿಕ್ಕನ್ನ ರಿವೆಟ್ ಹೊಡೆದು ಮುಗಿಸ್ತಾರೆ. ಆ ಟಿಂಕರಿನ ಕೈಗೆ ಇಲ್ಲಿಯ ಅಳತೆ ಪದ್ಧತಿ ಸೇರಿದ್ರೆ ಅದಕ್ಕಿಂತ ಒಳ್ಳೇ ಆರ್ಚ್ ಎಲ್ಲೂ ಸಿಗಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ.

ಕೂರಿಸೋ ವಿಷಯದಲ್ಲಿ ಎಲ್ಲರೂ ಅವಸರ ಮಾಡೋ ಜಾಗ ಹಿಂದಿನ ಚಕ್ರದ್ದು. ಹಿಂದಿನ ಗೂಡಿನ ಅಂಚಲ್ಲಿ ಹೊರಗಿನ ತಗಡು, ಒಳಗಿನ ತಗಡು ಎರಡೂ ಒಂದಕ್ಕೊಂದು ಸ್ಪಾಟ್ ವೆಲ್ಡ್ ಆಗಿರತ್ತೆ. ಟೈರಿಗೆ ಜಾಗ ಬೇಕು ಅಂತ ಗ್ರೈಂಡರ್ ಹಿಡ್ಕೊಂಡು ಆ ಅಂಚು ಪೂರ್ತಿ ಕೊಯ್ದುಬಿಟ್ರೆ ಎರಡೂ ತಗಡು ಬಿಟ್ಕೊಂಡು ಮಧ್ಯೆ ಬಾಯಿ ತೆರೆಯತ್ತೆ, ಬಾಡಿಯ ಬಿಗಿ ಹೋಗತ್ತೆ, ಚಕ್ರ ಎರಚಿದ ನೀರೆಲ್ಲಾ ನೇರ ಆ ಸಂದಿಗೆ. ಮೇಲೆ ಫ್ಲೇರ್ ಕೂತಿರೋದ್ರಿಂದ ಹೊರಗೆ ಏನೂ ಕಾಣಲ್ಲ, ಪುಟ್ಟಿ ಪೇಂಟ್ ಎಲ್ಲಾ ಹೊಳೀತಾ ಇರತ್ತೆ, ಒಳಗೆ ತುಕ್ಕು ತಿಂತಾ ಇರತ್ತೆ. ಕೊಯ್ಯಲೇಬೇಕಾದ್ರೆ ಸ್ವಲ್ಪ ಸ್ವಲ್ಪ ಕೊಯ್ದು, ಸೀಳು ಹಾಕಿ ಒಳ ತಗಡನ್ನ ಹೊರಗೆ ಬಡಿದು ಮಡಚಿ, ಎರಡನ್ನೂ ಮತ್ತೆ ಬೆಸೆದು, ಸಂದಿಗೆ ನೀರು ಹೋಗದ ಹಾಗೆ ಮುಚ್ಚೋ ಸೀಮ್ ಸೀಲರ್ ಬಳಿದು ಆಮೇಲೆ ಆರ್ಚ್ ಮಾತಾಡಬೇಕು.

ಎಷ್ಟು ಕೊಯ್ಯಬೇಕು ಅನ್ನೋದಕ್ಕೂ ಅಂದಾಜು ಸಾಲಲ್ಲ. ಮಿನಿಲಿ ರಬ್ಬರ್ ಕೋನ್ ಬಿಚ್ಚಿ, ಕೆಳಗಿಂದ ಜಾಕ್ ಕೊಟ್ಟು ಬಂಪ್ ಸ್ಟಾಪ್, ಅಂದ್ರೆ ಚಕ್ರ ಇನ್ನೂ ಮೇಲೆ ಹೋಗದ ಹಾಗೆ ತಡೆಯೋ ಭಾಗ, ತಾಗೋವರೆಗೂ ಚಕ್ರ ಎತ್ತಿ, ಮುಂದಿನದಾದ್ರೆ ಆ ಕೊನೆಯಿಂದ ಈ ಕೊನೆಗೆ ಸ್ಟೇರಿಂಗ್ ತಿರುಗಿಸಿ ನೋಡಬೇಕು. ಬೇರೆ ಗಾಡಿಲಿ ಸ್ಪ್ರಿಂಗ್ ತೆಗೆದು ಇದೇ ಕೆಲಸ. ತಾಗೋ ಕಡೆ ಚಾಕ್‌ಪೀಸಲ್ಲಿ ಗುರುತು ಹಾಕಿ ಅಷ್ಟೇ ತೆಗೀರಿ. ಮೇಲಿಂದ ಎಲ್ಲೀವರೆಗೆ ಮುಚ್ಚಬೇಕು ಅನ್ನೋದಕ್ಕೆ ಯೂರೋಪಿನ ಹೊಸ ಕಾರುಗಳ ವೀಲ್ ಗಾರ್ಡ್ ನಿಯಮನ ನಾನು ಹಳೇ ಗಾಡಿಗೂ ಬಳಸ್ತೀನಿ, ಚಕ್ರದ ನಡುವಿಂದ ನೆಟ್ಟಗೆ ಮೇಲಕ್ಕೆ ಗೆರೆ ಹಾಕಿ, ಅಲ್ಲಿಂದ ಮುಂದಕ್ಕೆ 30 ಡಿಗ್ರಿ ಹಿಂದಕ್ಕೆ 50 ಡಿಗ್ರಿ, ಅಷ್ಟರೊಳಗೆ ಟೈರಿನ ನೆಲ ತಾಗೋ ಭಾಗ ಪೂರ್ತಿ ಮುಚ್ಚಿರಬೇಕು.

ಕೂರಿಸೋವಾಗ ಅಲ್ಯೂಮಿನಿಯಂ ಪಾಪ್ ರಿವೆಟ್ ಸುಲಭ, ಆದ್ರೆ ಸ್ಟೀಲ್ ತಗಡು, ಅಲ್ಯೂಮಿನಿಯಂ, ನೀರು ಮೂರೂ ಸೇರಿದ್ ಕಡೆ ಬಿಳಿ ಪುಡಿ ಬಂದು ರಿವೆಟ್ ಸಡಿಲ ಆಗತ್ತೆ, ಬಿಚ್ಚಬೇಕಂದ್ರೆ ಕೊರೆದೇ ತೆಗೀಬೇಕು. ಬಾಡಿಗೆ ನಟ್‌ಸರ್ಟ್ (ತಗಡಿನ ತೂತಲ್ಲೇ ಕೂತುಬಿಡೋ ನಟ್ಟು) ಹಾಕಿ ಬೋಲ್ಟಲ್ಲಿ ಬಿಗಿಯೋದು ನನಗೆ ಇಷ್ಟ, ವರ್ಷಕ್ಕೊಮ್ಮೆ ಬಿಚ್ಚಿ ಹಿಂದೆ ಸೇರಿರೋ ಕೆಸರು ತೊಳೀಬಹುದು. ತೂತು ಹಾಕಿದ ತಕ್ಷಣ ಅದರ ಅಂಚಿಗೆ ಜಿಂಕ್ ಪ್ರೈಮರ್ ಹಚ್ಚಲೇಬೇಕು. ಆರ್ಚ್ ಬಾಡಿ ನಡುವೆ ರಬ್ಬರ್ ಬೀಡಿಂಗ್ ಬಿಟ್ರೆ ಪೇಂಟ್ ಉಜ್ಜಿ ಹೋಗಲ್ಲ. ಸಿಲಿಕೋನ್ ಹಾಕೋದಾದ್ರೆ ವಿನೆಗರ್ ವಾಸನೆ ಬರೋದು ಬೇಡ, ಆ ಆಮ್ಲಕ್ಕೆ ತಗಡು ತುಕ್ಕು ಹಿಡಿಯತ್ತೆ, ಪಾಲಿಯುರೆಥೇನ್ ಸೀಲರ್ ತಗೊಳ್ಳಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ, ಕರಾವಳಿಲಿ ಗಾಳಿಲೇ ಉಪ್ಪಿರತ್ತೆ, ಎರಡೂ ಕಡೆ ಗಾಡಿ ತಿನ್ನೋದು ಅದೇ.

ನಮ್ಮಲ್ಲಿ ಆಗಬೇಕಾಗಿರೋದು ದೊಡ್ಡ ವಿಷಯ ಏನಲ್ಲ. ಆರ್ಚ್ ಹಾಕಿದವನು ಆರ್‌ಟಿಓಗೆ ಗಾಡಿ ತರಲಿ, ಇನ್ಸ್‌ಪೆಕ್ಟರ್ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಭಾರ ಹಾಕಿ, ಟೈರು ಮುಚ್ಚಿದ್ಯಾ ತಾಗತ್ತಾ ಅಂತ ನೋಡಿ, ಆರ್‌ಸಿಲಿ ಬರೆದುಕೊಡ್ಲಿ. ಆಗ ಇನ್ಶೂರೆನ್ಸಿಗೂ ಕಾಗದ ಇರತ್ತೆ, ಟಿಂಕರೂ ಹೆಸರು ಹಾಕಿ ಬಿಲ್ ಕೊಡಬಹುದು.

ಅಲ್ಲೀವರೆಗೂ 800 ಇಟ್ಕೊಂಡಿರೋರಿಗೆ ನಂದೊಂದು ಮನವಿ. 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮದಲ್ಲಿ ಗಾಡಿಗೆ 50 ವರ್ಷ ಆಗಿರಬೇಕು, ಚಾಸಿ ಬಾಡಿಶೆಲ್ ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು ಅಂತಿದೆ. ಮೊದಲ 800 ರಸ್ತೆಗೆ ಬಂದಿದ್ದು 1983ರ ಡಿಸೆಂಬರಲ್ಲಿ, ಅಂದ್ರೆ 2033ರ ಕೊನೆಗೆ ಆ ಗಾಡಿಗಳಿಗೆ 50 ತುಂಬತ್ತೆ. ಆ ಮೊದಮೊದಲ ಗಾಡಿ ನಿಮ್ಮ ಹತ್ರ ಇದ್ರೆ ದಯವಿಟ್ಟು ಗ್ರೈಂಡರ್ ಮುಟ್ಟಿಸಬೇಡಿ, ಅಗಲದ ಆಸೆ ಇದ್ರೆ ಆಮೇಲಿನ ವರ್ಷದ ಗಾಡಿ ಬೇಕಾದಷ್ಟು ಸಿಗತ್ತೆ, ಅದರ ಮೇಲೆ ಅಳೆದು ತೂಗಿ ಕೆಲಸ ಮಾಡಿಸಿ.