ನೆಬ್ರಾಸ್ಕಾದ ಏಕಸದನ: ಕೊರತೆ ಇರುವುದು ಬೇರೆಡೆ

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಶಾಸನಸಭೆಗೆ ಒಂದೇ ಸದನವಿರುವುದರಿಂದ ಅದಕ್ಕೆ ಅಂಕುಶವೇ ಇಲ್ಲವೆಂದು ಈ ಏಕಸದನದ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿದ್ದಾರೆ; ಆ ಮಾತನ್ನು ನಾನು ಒಪ್ಪಲಾರೆ. 1934ರಲ್ಲಿ ಅಲ್ಲಿನ ಮತದಾರರು ಎರಡು ಸದನಗಳ ಪದ್ಧತಿಯನ್ನು ಕೈಬಿಟ್ಟದ್ದರ ಹಿಂದೆ ಅಮೆರಿಕದ ಸಂಸತ್ತಿನಲ್ಲಿ ಆ ರಾಜ್ಯದ ಸೆನೆಟರ್ ಆಗಿದ್ದ ಜಾರ್ಜ್ ನಾರಿಸ್ ಅವರ ಗಟ್ಟಿಯಾದ ವಾದವಿತ್ತು: ಸದನಗಳ ನಡುವೆ ಭಿನ್ನಮತ ಬಂದಾಗ ಕೆಲವೇ ಸದಸ್ಯರ ಸಂಧಾನ ಸಮಿತಿ ಮುಚ್ಚಿದ ಬಾಗಿಲ ಹಿಂದೆ ಮಸೂದೆಯ ರೂಪವನ್ನೇ ಬದಲಿಸುತ್ತದೆ, ಅದಕ್ಕೆ ಹೊಣೆ ಯಾರೆಂಬುದು ಜನರಿಗೆ ತಿಳಿಯುವುದೇ ಇಲ್ಲ. ಇಂದು ಅಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಮಸೂದೆಯೂ ಬಹಿರಂಗ ವಿಚಾರಣೆಗೆ ಒಳಪಡುತ್ತದೆ. ಯಾವುದೇ ನಾಗರಿಕರು ಸಮಿತಿಯ ಮುಂದೆ ಬಂದು ತಮ್ಮ ಅಭಿಪ್ರಾಯ ಹೇಳಬಹುದು. ಮಸೂದೆಯನ್ನು ತಡೆಯುವ ರಾಜ್ಯಪಾಲರ ನಿರಾಕರಣಾಧಿಕಾರವನ್ನು (ವೀಟೊ) ಮೀರಬೇಕಾದರೆ 49 ಸದಸ್ಯರಲ್ಲಿ 30 ಮಂದಿಯ ಬೆಂಬಲ ಬೇಕು.

ಈ ಸಭೆಯ ಚುನಾವಣೆಯ ಮತಪತ್ರದಲ್ಲಿ ಅಭ್ಯರ್ಥಿಯ ಪಕ್ಷವನ್ನು ನಮೂದಿಸುವುದಿಲ್ಲ. ಆದರೂ ಯಾರು ಯಾವ ಪಕ್ಷದವರೆಂಬುದು ಅನೇಕ ಮತದಾರರಿಗೆ ಗೊತ್ತೇ ಇರುತ್ತದೆ, ಆದ್ದರಿಂದ ಈ ನಿಯಮದ ಫಲವನ್ನು ಅತಿಯಾಗಿ ಹೊಗಳಲಾಗದು. ನನ್ನನ್ನು ನಿಜವಾಗಿ ಕಾಡುವ ಕೊರತೆ ವೇತನದ್ದು. 1988ರಲ್ಲಿ ರಾಜ್ಯದ ಸಂವಿಧಾನದ ತಿದ್ದುಪಡಿಯ ಮೂಲಕ ವರ್ಷಕ್ಕೆ 12,000 ಡಾಲರ್ ಎಂದು ನಿಗದಿಯಾದ ಶಾಸಕರ ಸಂಬಳ ದಶಕಗಳವರೆಗೂ ಏರಲಿಲ್ಲ. ಇಷ್ಟು ಹಣದಲ್ಲಿ ಸಂಸಾರ ನಡೆಸಬೇಕಾದ ಶಿಕ್ಷಕಿಯೋ ಕಾರ್ಮಿಕನೋ ತಿಂಗಳುಗಟ್ಟಲೆ ಕೆಲಸ ಬಿಟ್ಟು ರಾಜಧಾನಿ ಲಿಂಕನ್ ನಗರದಲ್ಲಿ ಅಧಿವೇಶನಕ್ಕೆ ಕೂರುವುದು ಹೇಗೆ? ಲೇಖನ ಈ ಪ್ರಶ್ನೆಯನ್ನು ಎತ್ತಬೇಕಿತ್ತು.